ಉಪ್ಪು ಹಾಕುವ ಕೈ

ಕಳೆದ ಸಂಕ್ರಾಂತಿ ಮುಗಿದು ಒಂದು ವಾರಕ್ಕೆ ನಮ್ಮತ್ತೆ ರಾಣೆಬೆನ್ನೂರಿನಲ್ಲಿರುವ ತಮ್ಮ ಮಗಳಿಗೆ ಫೋನ್ ಹಚ್ಚಿದರು. "ಬುಧವಾರ ರಂಜಕ ಹಾಕಾಕತ್ತೇವಿ. ಉಪ್ಪ ಹಾಕಾಕ ನೀ ಬರಬೇಕ ನೋಡವಾ," ಅಂದರು. ನಾನು ಅಲ್ಲಿಯೇ, ನಾಲ್ಕು ಹೆಜ್ಜೆ ದೂರದಲ್ಲಿ, ಹೊಲಿಗೆ ಮಷಿನ್ನಿನ ಪಕ್ಕ ಕೂತು ಯಾರದೋ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತಿದ್ದೆ. ಹಾವೇರಿಯ ಈ ಮನೆಗೆ ನಾನು ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ದೇವರು ನನಗೂ ಎರಡು ಕೈ ಕೊಟ್ಟಿದ್ದಾನೆ. ಆದರೆ ಉಪ್ಪು ಹಾಕುವ ಕೈ ಮಾತ್ರ ರಾಣೆಬೆನ್ನೂರಿನಿಂದ ಬಸ್ಸು ಹತ್ತಿ ಬರಬೇಕಂತೆ!

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಅನ್ನುತ್ತಾರೆ. ಇರಲಿ, ಸುಳ್ಳಲ್ಲ. ಆದರೆ ಅದು ಅಲ್ಲಿಗೆ ಹೋಗಿ ಕೂತದ್ದು ಯಾವಾಗ, ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ರಂಜಕ ಅಂದರೆ ಹಣ್ಣುಮೆಣಸಿನಕಾಯಿಯ ಖಾರ. ಗಿಡದಲ್ಲೇ ಕೆಂಪಾಗಿ, ಇನ್ನೂ ಒಣಗದೆ ಹಸಿಯಾಗಿರುವ ಕಾಯಿ. ಅದು ಸಿಗುವುದು ಎಳ್ಳಮಾವಾಸ್ಯೆಯಿಂದ ಮುಂದೆ ಒಂದೂವರೆ ತಿಂಗಳು, ಅಷ್ಟೇ. ಆಮೇಲೆ ಎಲ್ಲವೂ ಕಣದಲ್ಲಿ ಒಣಗಿ, ಚೀಲ ಸೇರಿ, ಬ್ಯಾಡಗಿ ಪೇಟೆಗೆ ಹೋಗುತ್ತದೆ. ಆ ಒಂದೂವರೆ ತಿಂಗಳಲ್ಲಿ ವರ್ಷಕ್ಕಾಗುವಷ್ಟು ರಂಜಕ ಹಾಕಿಟ್ಟುಕೊಂಡರೆ ರೊಟ್ಟಿಯ ಜೊತೆಗೆ ಬೇರೆ ಪಲ್ಯ ಇಲ್ಲದಿದ್ದರೂ ನಡೆಯುತ್ತದೆ. ಒಂದು ಚಮಚ ರಂಜಕ, ಮೇಲೆ ಒಂದಿಷ್ಟು ಶೇಂಗಾ ಎಣ್ಣೆ ಅಥವಾ ಕೆನೆ ಮೊಸರು. ನನ್ನ ಗಂಡ ಅದೊಂದಿದ್ದರೆ ನಾಲ್ಕು ರೊಟ್ಟಿ ತಿಂದು ಏಳುತ್ತಾರೆ.

ಬರೀ ಬ್ಯಾಡಗಿ ಕಾಯಿ ಹಾಕಿದರೆ ಬಣ್ಣ ಬರುತ್ತದೆ, ಖಾರ ಬರುವುದಿಲ್ಲ. ಅದಕ್ಕೆ ಕಾಲು ಪಾಲು ಗುಂಟೂರು ಕಾಯಿ ಬೆರೆಸಬೇಕು. ಕಾಯಿಯನ್ನು ದೇಟಿನ ಸಮೇತ ತೊಳೆಯಬೇಕು. ತೊಟ್ಟಿಗೆ ನಾವು ದೇಟು ಅನ್ನುತ್ತೇವೆ. ತೊಳೆದದ್ದನ್ನು ನೆರಳಿನಲ್ಲಿ ಹಳೆಯ ಸೀರೆಯ ಮೇಲೆ ಹರವಿ ಒಂದು ದಿನ ಆರಿಸಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ಒರೆಸಿ, ಆಮೇಲೆ ದೇಟು ಬಿಡಿಸಿ, ಬೆಳ್ಳುಳ್ಳಿಯ ಜೊತೆ ಒರಳಿಗೆ ಹಾಕಿ ಕುಟ್ಟಬೇಕು. ಆಗ ಏಳುವ ಘಾಟು ದೇವರೇ ಗತಿ! ಬಾಯಿಗೆ ಸೆರಗು ಕಟ್ಟಿಕೊಂಡರೂ ಕಣ್ಣು ಮೂಗು ಒಂದೇ ಸಮ ಹರಿಯುತ್ತವೆ. ಎರಡು ಮನೆಯಾಚೆ ಯಾರಾದರೂ ಸೀನಿದರೆ ನಮ್ಮ ಮನೆಯಲ್ಲಿ ರಂಜಕ ಅಂತ ಓಣಿಗೆಲ್ಲ ಗೊತ್ತಾಗುತ್ತದೆ. ಕೈ ಉರಿಯಂತೂ ಎರಡು ದಿನ ಇಳಿಯುವುದಿಲ್ಲ. ಎಣ್ಣೆ ಹಚ್ಚು, ಮಜ್ಜಿಗೆಯಲ್ಲಿ ಅದ್ದು, ಏನು ಮಾಡಿದರೂ ಅಷ್ಟೇ.

ಕುಟ್ಟಿದ್ದನ್ನು ಪರಾತಕ್ಕೆ, ಅಂದರೆ ಅಗಲ ತಟ್ಟೆಗೆ, ತೆಗೆದು ಹುರಿದ ಮೆಂತ್ಯದ ಪುಡಿ, ಇಂಗು, ನಿಂಬೆ ರಸ ಹಾಕಿದ ಮೇಲೆ ಕಡೆಯದು ಉಪ್ಪು. ಉಪ್ಪು ಹಾಕಿದ ಕೈಯೇ ಕಲಸಿ ಜಾಡಿ ತುಂಬಬೇಕು. ವರ್ಷದ ರಂಜಕ ಉಳಿಯುವುದೂ ಕೆಡುವುದೂ ಆ ಕೈಯ ಮೇಲೆ ಅಂತ ನಮ್ಮ ಕಡೆಯವರ ನಂಬಿಕೆ. ಅದಕ್ಕೆ ಕೈಗುಣ ಅನ್ನುತ್ತಾರೆ. ಬಿತ್ತುವವನಿಗೆ ಕೈಗುಣ ಬೇಕು, ಡಾಕ್ಟರಿಗೆ ಬೇಕು, ಬಾಣಂತನ ಮಾಡುವವಳಿಗೆ ಬೇಕು, ರಂಜಕ ಹಾಕುವವಳಿಗೂ ಬೇಕು. ತೊಳೆಯುವವಳಿಗೆ, ಒರೆಸುವವಳಿಗೆ, ಕುಟ್ಟುವವಳಿಗೆ ಬೇಡ. ಅದಕ್ಕೇ ಇಪ್ಪತ್ತೈದು ವರ್ಷ ಆ ಮೂರೂ ಕೆಲಸ ನನ್ನ ಪಾಲಿಗೆ ಬಂದವು.

ಹೋದ ದೀಪಾವಳಿಯ ಸುಮಾರಿಗೆ ಅತ್ತೆಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಬಲಗೈ ಹೋಯಿತು. ಎಡಗೈಯಿಂದ ಉಪ್ಪು ಹಾಕುವ ಹಾಗಿಲ್ಲ. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ವಿಚಾರ ಕೊರೆಯತೊಡಗಿತು. ಅತ್ತೆಗೆ ಸ್ನಾನ ಮಾಡಿಸುವವಳು ನಾನು, ತಲೆ ಬಾಚುವವಳು ನಾನು, ಮೂರು ಹೊತ್ತು ತುತ್ತು ಮಾಡಿ ಬಾಯಿಗಿಡುವವಳು ನಾನು. ಈ ವರ್ಷವಾದರೂ "ಉಪ್ಪ ನೀನ ಹಾಕವಾ" ಅಂತಾರೇನೋ ಅಂತ ಕಾದೆ. ನನಗೆ ಬೇಕಾದದ್ದು ಆ ಒಂದು ಮಾತು. ಸೀರೆ ಬೇಡ, ಬಂಗಾರ ಬೇಡ. ಬಾಯಿಬಿಟ್ಟು ಕೇಳಲು ಮಾತ್ರ ನನ್ನ ಸೊಕ್ಕು ಬಿಡಲಿಲ್ಲ. ಆಗ ಅವರು ರಾಣೆಬೆನ್ನೂರಿಗೆ ಫೋನ್ ಹಚ್ಚಿದರು.

ನಾನು ಕಾಗಿನೆಲೆ ಹತ್ತಿರದ ಒಂದು ಹಳ್ಳಿಯವಳು. ಅಪ್ಪ ಮೆಣಸಿನಕಾಯಿ ಬೆಳೆಯುತ್ತಿದ್ದ, ಈಗ ಅಣ್ಣ ಬೆಳೆಯುತ್ತಾನೆ. ಹೆಣ್ಣು ನೋಡಲು ಬಂದಾಗ ಅತ್ತೆ ನನ್ನ ಓದು ಕೇಳಲಿಲ್ಲ, ಹಾಡು ಕೇಳಲಿಲ್ಲ. "ಬ್ಯಾಡಗಿ ಸೀಮಿ ಹುಡುಗಿ, ಖಾರದ ಕೈ, ನಮಗ ಬೇಕಾದದ್ದ ಇದು," ಅಂತ ನಕ್ಕರು. ನಾನೂ ಬೀಗಿದೆ. ಮದುವೆಯಾಗಿ ಬಂದ ವರ್ಷವೇ ಜನವರಿಯಲ್ಲಿ ರಂಜಕದ ದಿನ ಓಣಿಯ ಹೆಂಗಸರೆಲ್ಲ ಇದ್ದಾಗ, "ಈ ವರ್ಷ ಉಪ್ಪ ನಮ್ಮ ಸೊಸಿ ಹಾಕಲಿ," ಅಂದರು. ಹಿಂದಿನ ದಿನವೇ ಕಾಯಿ ತೊಳೆದು ಆರಿಸಿ ಒರೆಸಿದ್ದೆ. ಬೆಳಿಗ್ಗೆ ಅತ್ತೆ, ನಾನು ಇಬ್ಬರೂ ಕೂತು ದೇಟು ಬಿಡಿಸಿದೆವು. ನಡುವೆ ನಿಂಬೆಹಣ್ಣು ಕಡಿಮೆ ಬಿದ್ದವು ಅಂತ ನಾನು ಪೇಟೆಗೆ ಹೋಗಿ ತಂದೆ. ಬಂದು ಕುಟ್ಟಿದೆ. ಹೊಸ ಬಳೆ ತೊಟ್ಟ ಕೈಯಿಂದ ಉಪ್ಪು ಹಾಕಿ, ಕಲಸಿ, ಜಾಡಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಬಿಗಿದೆ. ಅವತ್ತಿನ ಕೈ ಉರಿ ಕೂಡ ನನಗೆ ಚೊಲೋ ಅನ್ನಿಸಿತ್ತು.

ಇಪ್ಪತ್ತು ದಿನಕ್ಕೆ ರಾಣೆಬೆನ್ನೂರಿನಿಂದ ಬೀಗರು ಬಂದರು. ನಾದಿನಿಯನ್ನು ಆ ಮನೆಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಊಟವಾದ ಮೇಲೆ ಅವರಿಗೆ ಕಟ್ಟಿಕೊಡೋಣ ಅಂತ ಅತ್ತೆ ಜಾಡಿ ಪಡಸಾಲೆಗೇ ತರಿಸಿ, ಎಲ್ಲರೆದುರು ಬಟ್ಟೆ ಬಿಚ್ಚಿದರು. ಮೇಲೆ ಬೆರಳು ದಪ್ಪ ಬಿಳಿ ಬೂಸ್ಟು. ಹುಳಿ ಹುಳಿ ನಾತ. ಸೌಟು ಹಾಕಿ ತಿರುವಿದರೆ ತಳದವರೆಗೂ ಹಾಗೆಯೇ. ಅತ್ತೆಯ ಮುಖ ಬಿಳಿಚಿಕೊಂಡಿತು. ಆದರೆ ಅದು ಒಂದೇ ಗಳಿಗೆ. ಆಮೇಲೆ ನಕ್ಕು, "ಮೂವತ್ತ ವರ್ಷದಾಗ ನನ್ನ ಕೈಲೆ ಒಂದ ಜಾಡಿ ಕೆಟ್ಟಿಲ್ರಿ. ಈ ಸಲ ಸೊಸಿ ಕೈಲೆ ಉಪ್ಪ ಹಾಕ್ಸಿದೆ. ಕೈಗುಣ, ಏನ ಮಾಡೂದ ಹೇಳ್ರಿ," ಅಂದರು.

ಬೀಗಿತ್ತಿ ಒಳ್ಳೆಯ ಹೆಂಗಸು. "ಇರಲಿ ಬಿಡ್ರಿ, ಇನ್ನೂ ಹೊಸಾಕಿ," ಅಂದರು. ಅಂದರೂ ಅವರ ಕಣ್ಣು ನನ್ನ ಕೈ ಕಡೆ ಹೋಯಿತು. ನಾನು ಕೈ ಸೆರಗಿನೊಳಗೆ ಎಳೆದುಕೊಂಡೆ. ಜಾಡಿಯನ್ನು ಹಿತ್ತಿಲಿಗೆ ಒಯ್ದು ತಿಪ್ಪೆಗೆ ಸುರಿದವಳೂ ನಾನೇ, ಬಿಸಿನೀರು ಹಾಕಿ ಮೂರು ಸಲ ತಿಕ್ಕಿದವಳೂ ನಾನೇ.

ಅತ್ತೆ ಒಡೆದರೆ ಅಡಿಗೆಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಅಂತ ಗಾದೆ. ಗಡಿಗೆ ಒಡೆದಿದ್ದರೆ ಇನ್ನೊಂದು ತಂದು ಕೊಡಬಹುದಿತ್ತು. ಇದು ಹಾಗಲ್ಲ. ಜಾಡಿಗೆ ಅಂದ ಮಾತು ಜಾಡಿಯಲ್ಲಿ ನಿಲ್ಲಲಿಲ್ಲ. ಮೊದಲು ಹಾಲಿಗೆ ಹೆಪ್ಪು ಹಾಕುವುದು ತಪ್ಪಿತು. ಆಮೇಲೆ ನಾದಿನಿಯ ಬಾಣಂತನದಲ್ಲಿ ಕೂಸಿಗೆ ನಾನು ಎರೆಯುವುದು ಬೇಡವೆಂದಾಯಿತು. ನನ್ನದೇ ಮಗಳು ಹುಟ್ಟಿದಾಗ ಮೊದಲ ತುತ್ತು ಅತ್ತೆ ಉಣಿಸಿದರು. ನಾನು ತಟ್ಟೆ ಹಿಡಿದು ನಿಂತೆ. ಹೊಲಿಗೆ ಹಿಡಿದ ಮೇಲೆ ಓಣಿಯ ಕುಪ್ಪಸವೆಲ್ಲ ನನ್ನ ಹತ್ತಿರ ಬಂದವು, ಹೊಲಿಗೆಗೆ ಕೈಗುಣ ಬೇಡವಲ್ಲ! ಆದರೆ ಮದುಮಗಳ ಕುಪ್ಪಸ ಬಂದಾಗ ಒಬ್ಬಾಕೆ ಮೆಲ್ಲಗೆ, "ಮೊದಲ ಕತ್ತರಿ ನಿಮ್ಮತ್ತಿ ಕೈಲೆ ಹಾಕಸ್ರೆಲಾ," ಅಂದಳು. ಬೆಂಕಿ ಹತ್ತಿತು ಮೈಗೆ. ಅರಿವೆ ಮಡಚಿ ಅವಳ ಕೈಯಲ್ಲೇ ತುರುಕಿ, "ನಿಮ್ಮ ಮಗಳ ಕುಪ್ಪಸ ನಮ್ಮತ್ತೀನಽ ಹೊಲೀಲಿ," ಅಂತ ಬಾಗಿಲು ಹಾಕಿಕೊಂಡೆ. ಅವತ್ತಿನಿಂದ ನಾನು ಸಿಟ್ಟಿನ ಹೆಂಗಸು ಅಂತಲೂ ಹೆಸರಾಯಿತು.

ಗಂಡನಿಗೆ ಹೇಳಿದರೆ, "ಒಂದ ಚಟ್ನಿಗೆ ಇಷ್ಟ್ಯಾಕ ತಲಿ ಕೆಡಿಸ್ಕೊಂತಿ?" ಅಂತ ಕೇಳಿ ರೊಟ್ಟಿ ಮುರಿಯುತ್ತಿದ್ದರು. ಪ್ರತಿ ವರ್ಷ ನಾನು ಕುಟ್ಟಿ ಕುಟ್ಟಿ ರಟ್ಟೆ ಬಿದ್ದ ಹೊತ್ತಿಗೆ ಅತ್ತೆ ಕೈ ತೊಳೆದು ಬಂದು, ದೇವರಿಗೆ ಕೈಮುಗಿದು, ಉಪ್ಪು ಹಾಕುತ್ತಿದ್ದರು. ಓಣಿಯವರು ರುಚಿ ನೋಡಿ, "ನಿಮ್ಮತ್ತಿ ಕೈಗುಣ ಅಂದ್ರ ಕೈಗುಣ," ಅಂತ ನನಗೇ ಹೇಳಿ ಹೋಗುತ್ತಿದ್ದರು. ಇದನ್ನೆಲ್ಲ ನುಂಗಿದೆ. ಅದಕ್ಕಿಂತ ಕೆಟ್ಟದ್ದು ಬೇರೆ ಆಯಿತು. ನಾನೂ ಅದನ್ನು ನಂಬಿದೆ. ಯಾವ ವರ್ಷದಿಂದ ಅಂತ ಹೇಳಲಾರೆ. ಗಿಡ ನೆಟ್ಟು ಅದು ಬಾಡಿದರೆ ಬಿಸಿಲು ಅನ್ನಲಿಲ್ಲ, ನನ್ನ ಕೈ ಅಂದುಕೊಂಡೆ. ಮಗಳಿಗೆ ಜ್ವರ ಬಂದರೆ ಔಷಧಿ ಬಾಟಲಿ ಗಂಡನ ಕೈಗೆ ಕೊಟ್ಟು ಹಾಕಿಸಿದೆ.

ಏಳು ವರ್ಷದ ಹಿಂದೆ ನಮ್ಮವ್ವ ತೀರಿಕೊಂಡಳು. ಅಣ್ಣನಿಂದ ಫೋನ್ ಬಂದಾಗ ಹಾವೇರಿಯಿಂದ ಸಿಕ್ಕ ಬಸ್ಸು ಹತ್ತಿ ಹೋದೆ. ಮಧ್ಯಾಹ್ನದ ಹೊತ್ತು. ಹಿತ್ತಿಲ ಬಾಗಿಲಿನ ಗಾಳಿಗೆ ಅಂತ ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ನನ್ನನ್ನು ಗುರುತು ಹಿಡಿದಳು. ತುಟಿ ಒಣಗಿ ಬಿರಿದಿದ್ದವು. "ನೀರ," ಅಂದಳು. ಅಣ್ಣ ತಂಬಿಗೆಯನ್ನೂ ಚಮಚವನ್ನೂ ನನ್ನ ಕೈಗೆ ಕೊಟ್ಟ. "ನೀ ಬಿಡವಾ, ನಿನ್ನ ದಾರೀನ ಕಾಯಾಕತ್ತಿದ್ಲು," ಅಂದ.

ನಾನು ಬಿಡಲಿಲ್ಲ.

ತಂಬಿಗೆಯನ್ನು ಅಣ್ಣನ ಹೆಂಡತಿಯ ಕೈಗೆ ಕೊಟ್ಟು, "ನೀವ ಬಿಡ್ರಿ ವೈನಿ, ನನ್ನ ಕೈಗುಣ ಚೊಲೋ ಇಲ್ಲ," ಅಂದೆ. ನನ್ನ ಕೈಯಿಂದ ನೀರು ಹೋದರೆ ಅವ್ವ ಹೋಗಿಯೇಬಿಡುತ್ತಾಳೆ, ವೈನಿ ಬಿಟ್ಟರೆ ಉಳಿಯಬಹುದು, ಅದೇ ನನ್ನ ತಲೆಯಲ್ಲಿ ಇದ್ದದ್ದು. ನನ್ನ ಕೈಗುಣದ ಮಾತು ಅವ್ವನಿಗೆ ನಾನು ಎಂದೂ ಹೇಳಿರಲಿಲ್ಲ. ತವರಿಗೆ ಹೋಗಿ ಗಂಡನ ಮನೆಯ ಹುಳುಕು ಹೇಳುವ ಚಾಳಿ ನನ್ನದಲ್ಲ. ಅವಳಿಗೆ ಕಂಡದ್ದು ಇಷ್ಟೇ. ಮಗಳು ತಂಬಿಗೆ ಹಿಡಿದಳು, ಬಾಯಿಗೆ ನೀರು ಬಿಡದೆ ಬೇರೆಯವರಿಗೆ ದಾಟಿಸಿದಳು. ವೈನಿ ಎರಡು ಚಮಚ ಬಿಟ್ಟರು. ಅವ್ವ ಕುಡಿಯುತ್ತಾ ನನ್ನನ್ನೇ ನೋಡಿದಳು. ಸಂಜೆ ದೀಪ ಹಚ್ಚುವ ಮೊದಲೇ ಹೋದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಯಾರಾದರೂ ಗಾದೆ ಎತ್ತಿದರೆ ನಾನು ಎದ್ದು ಹೋಗುತ್ತೇನೆ.

ಈಗ ಆ ಬುಧವಾರ.

ಅಣ್ಣ ಸೋಮವಾರವೇ ಕಾಯಿ ಕಳಿಸಿದ್ದ. ತೊಳೆದು, ಆರಿಸಿ, ಒರೆಸಿ, ದೇಟು ಬಿಡಿಸಿ ಇಟ್ಟಿದ್ದೆ. ಬೆಳಿಗ್ಗೆ ಅತ್ತೆಯನ್ನು ಹಿತ್ತಿಲಿನ ನೆರಳಿಗೆ ಕುರ್ಚಿ ಹಾಕಿ ಕೂರಿಸಿ ಕುಟ್ಟಲು ಶುರು ಮಾಡಿದೆ. ಅರ್ಧ ಕುಟ್ಟಿರಲಿಲ್ಲ, ನಾದಿನಿಯ ಫೋನ್ ಬಂತು. ಅತ್ತೆಯ ಕಿವಿ ಮಂದ, ಅದಕ್ಕೆ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ, ಓಣಿಗೆಲ್ಲ ಕೇಳುತ್ತದೆ. "ಅವ್ವಾ, ನನಗ ಬರೂದಾಗೂದಿಲ್ಲ. ಮನಿಗೆ ಮಂದಿ ಬಂದಾರ. ಅಲ್ಲವಾ, ಈಗ ಯಾರ ಇಷ್ಟ ಕುಟಗೋತ ಕುಂದ್ರತಾರ? ಅಂಗಡ್ಯಾಗ ಬಾಟ್ಲಿ ಸಿಗತಾವಲ್ಲ, ತರಸ್ರಿ," ಅಂದಳು ಮಗಳು. ಅತ್ತೆ ಫೋನು ತೊಡೆಯ ಮೇಲಿಟ್ಟುಕೊಂಡರು. ನಾನು ಒರಳಿನ ಮೇಲೆ ಬಗ್ಗಿದವಳು ಮುಖ ಎತ್ತಲಿಲ್ಲ. ಈಗ ಅಂತಾರೆ, ಈಗ ಅಂತಾರೆ ಅಂತ ಕಾದೆ.

"ಇರಲಿ, ಓಣ್ಯಾಗ ಯಾರನ್ನರ ಕರದ್ರ ಆತು," ಅಂದರು.

ಕಣ್ಣಲ್ಲಿ ನೀರು ಬಂತು. ಒರಳಿನ ಮುಂದೆ ಕೂತವಳ ಕಣ್ಣೀರಿಗೆ ಕಾರಣ ಯಾರು ಕೇಳುತ್ತಾರೆ? ಅದೊಂದು ಅನುಕೂಲ. ಎರಡರಷ್ಟು ಜೋರಾಗಿ ಕುಟ್ಟಿದೆ.

ಅಷ್ಟರಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆಯ ಹುಡುಗಿ ಬುಟ್ಟಿ ಹಿಡಿದುಕೊಂಡು ಇಳಿದು ಬಂದಳು. ಮೇಡ್ಲೇರಿ ಕಡೆಯ ಮುಸಲ್ಮಾನರ ಮನೆಯ ಮಗಳು, ಮದುವೆಯಾಗಿ ನಾಲ್ಕು ತಿಂಗಳು. ಗಂಡನ ಜೊತೆ ಉರ್ದು, ನಮ್ಮ ಜೊತೆ ಕನ್ನಡ, ಎರಡರಲ್ಲೂ ಬಾಯಿ ಒಂದೇ ಚುರುಕು. ರಂಜಕ ಕಲಿಯುತ್ತೇನೆ ಅಂತ ತಾನೂ ಒಂದು ಕಿಲೋ ಕಾಯಿ ತರಿಸಿಕೊಂಡಿದ್ದಳು. "ಅಕ್ಕಾರ, ನಾ ದೇಟು ಬಿಡಿಸಿಕೊಂಡಽ ಬಂದೇನಿ ನೋಡ್ರಿ. ಇನ್ನ ತೊಳದ ಬಿಟ್ರ ಆತು," ಅಂತ ನಳದ ಕೆಳಗೆ ಬುಟ್ಟಿ ಹಿಡಿದೇಬಿಟ್ಟಳು. ನಾನು ಹಾಂ ಹಾಂ ಅನ್ನುವಷ್ಟರಲ್ಲಿ ನೀರು ಸುರಿದಾಗಿತ್ತು.

ಅತ್ತೆ ಕುರ್ಚಿಯಲ್ಲೇ ನಕ್ಕುಬಿಟ್ಟರು. "ಅಯ್ಯ ಹುಚ್ಚಿ! ದೇಟು ಬಿಡಿಸಿದ ಮ್ಯಾಲ ತೊಳದ್ರ ನೀರ ಕಾಯಿ ಹೊಟ್ಟ್ಯಾಗ ಹೊಕ್ಕೊಂತೈತಿ. ಎಷ್ಟ ಒರಸಿದ್ರೂ ಹೊರಗ ಬರೂದಿಲ್ಲ. ಹದಿನೈದ ದಿನಕ್ಕ ಬೂಸ್ಟ ಹಿಡೀತೈತಿ."

ಹುಡುಗಿಯ ಮುಖ ಸಣ್ಣದಾಯಿತು. "ಎಲ್ಲಾ ಕೆಡಿಸಿಬಿಟ್ಟೆ ಅಲ್ರಿ ಅಜ್ಜಿ? ಮೊದಲನೇ ಸಲಾನ ಹಿಂಗಾತು," ಅಂದಳು.

"ಅಂಜಬ್ಯಾಡ ಬಿಡಽ. ಯಾರ ಕೈಲೆನೂ ಆಗತೈತಿ," ಅಂದರು ಅತ್ತೆ, ಎಷ್ಟು ಮೆತ್ತಗಿನ ದನಿ! "ನಾನೂ ಒಮ್ಮೆ ಹಿಂಗ ಮಾಡಿದ್ದೆ. ದೇಟು ಬಿಡಿಸಿದ ಕಾಯಿ ಮ್ಯಾಲ ಕಾಗಿ ಹೇತಬಿಡ್ತು. ಸೊಸಿ ನಿಂಬಿಹಣ್ಣ ತರಾಕ ಹೋಗಿದ್ಲು. ಆಕಿ ಬರೂದ್ರಾಗ ಲಗೂ ಲಗೂ ತೊಳದ, ಒರಸಿ ಇಟ್ಟೆ. ಇಷ್ಟ ದೊಡ್ಡ ಜಾಡಿ, ತಳದ ತನಕಾ ಕೆಟ್ಟ ಹೋತ ನೋಡು."

ನನ್ನ ಕೈಯಲ್ಲಿದ್ದ ಒನಕೆ ನಿಂತಿತು. ಒಂದು ಮಾತು ಕೇಳಿ ಅದು ತಲೆಗೆ ಹೋಗಲು ಅಷ್ಟು ಹೊತ್ತು ಹಿಡಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

"ಯಾವ ವರ್ಷ ಅತ್ತೀ ಅದು?" ಅಂದೆ.

"ಯಾವುದ ಆದ್ರ ಏನ, ಹಳೀ ಮಾತು."

"ನಾ ನಿಂಬಿಹಣ್ಣ ತರಾಕ ಹೋಗಿದ್ದು ಒಂದಽ ವರ್ಷ. ನಾ ಈ ಮನಿಗೆ ಬಂದ ವರ್ಷ."

ಅತ್ತೆ ಹುಡುಗಿಯ ಕಡೆ ನೋಡಿದರು, ಒರಳಿನ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ.

"ಹಂಗಾದ್ರ ಅದು ನನ್ನ ಕೈಗುಣ ಅಲ್ಲ," ಅಂದೆ.

"ಅಲ್ಲ ಬಿಡು," ಅಂದರು. ತಟ್ಟೆಗೆ ಇನ್ನೊಂದು ರೊಟ್ಟಿ ಬೇಡ ಅನ್ನುವಷ್ಟೇ ಸಲೀಸಾಗಿ ಅಂದರು.

"ಮತ್ತ ಯಾಕ ಅಂದ್ರಿ? ಅಷ್ಟ ಮಂದಿ ಮುಂದ ಯಾಕ ಅಂದ್ರಿ?" ನನ್ನ ದನಿ ಏರಿತು. ಹುಡುಗಿ ನಳ ಬಂದ್ ಮಾಡಿ ಬುಟ್ಟಿ ಹಿಡಿದು ಗೋಡೆಗೆ ಸರಿದಳು.

"ಬೀಗರ ಮುಂದ ಏನ ಹೇಳಬೇಕಾಗಿತ್ತು ನಾ? ಕಾಗಿ ಹೇತದ್ದ ತೊಳದ ಕುಟ್ಟೇವಿ, ಅದನ್ನಽ ನಿಮಗ ಕೊಡಾಕ ತಂದೇವಿ ಅನ್ನಲೇನು? ಮಗಳು ಹೊಸದಾಗಿ ಆ ಮನಿ ಹೊಕ್ಕಿದ್ಲು. ಬಾಯಿಗೆ ಬಂತು, ಅಂದೆ."

"ಅವರು ಹೋದ ಮ್ಯಾಲ? ಬೀಗರು ಹೋದ ಮ್ಯಾಲ ಹೇಳಬಹುದಿತ್ತಲ್ರಿ? ಇಪ್ಪತ್ತಾರ ವರ್ಷ ಇತ್ತಲ್ರಿ ಹೇಳಾಕ!"

ಅತ್ತೆ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡರು. "ಹೇಳಬೇಕ ಅಂತ ಮಾಡಿದ್ದೆ. ನಿನ್ನ ಬಾಯಿ ಕಂಡ ಹಿಂಜರದೆ. ಹೇಳಿದ್ರ ಮರುದಿನಾನ ನೀ ನನ್ನ ತಲಿ ಮ್ಯಾಲ ಕುಂದ್ರಾಕಿ. ಆಮ್ಯಾಲ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಹಂಗ ನಡಕೋತ ಬಂತು. ಒಂದ ಚಟ್ನಿ ಮಾತವಾ ಅದು. ನೀ ಇಷ್ಟ ಹಚ್ಚಿಕೊಂಡಿ ಅಂತ ನನಗೇನ ಗೊತ್ತು?"

ಆಗ ಹೇಳಿದೆ. ಏಳು ವರ್ಷ ಗಂಡನಿಗೂ ಹೇಳದೆ ಇದ್ದದ್ದನ್ನು ಆ ಹಿತ್ತಿಲಿನಲ್ಲಿ, ಹೊರಗಿನ ಹುಡುಗಿಯ ಎದುರು ಹೇಳಿದೆ. "ನಮ್ಮವ್ವ ನನ್ನ ಕಡೆ ನೀರ ಬೇಡಿದ್ಲು. ನಾ ಬಾಯಾಗ ಬಿಡಲಿಲ್ಲ. ನನ್ನ ಕೈಗುಣ ಚೊಲೋ ಇಲ್ಲ ಅಂತ ವೈನಿ ಕೈಲೆ ಬಿಡಿಸಿದೆ. ಆಕಿ ನನ್ನ ಮಾರಿ ನೋಡಕೋತನ ಹೋದ್ಲು. ಚಟ್ನಿ ಮಾತು ಅಲ್ರಿ ಅತ್ತೀ ಅದು."

ಒರಳಿನ ಘಾಟಿಗೆ ಮೂವರೂ ಕೆಮ್ಮುತ್ತಿದ್ದೆವು. ಅತ್ತೆಯ ಬಾಯಿಯ ಒಂದು ಕಡೆ ಲಕ್ವದಿಂದ ಜೋತುಬಿದ್ದಿದೆ, ಅಳುತ್ತಿದ್ದಾರೋ ಇಲ್ಲವೋ ಅಂತ ತಿಳಿಯುವುದಿಲ್ಲ. ಕಡೆಗೆ, "ಹುಚ್ಚಿ. ಹಡದವ್ವಗ ನೀರ ಬಿಡಾಕ ಯಾರರ ಕೈಗುಣ ನೋಡತಾರೇನು?" ಅಂದರು.

ಅವರ ಕೊರಳು ಹಿಸುಕಬೇಕು ಅನ್ನಿಸಿತು. ಖರೇ ಹೇಳುತ್ತೇನೆ, ಅನ್ನಿಸಿತು. ಮಧ್ಯಾಹ್ನ ಇದೇ ಹೆಂಗಸಿಗೆ ಮೆತ್ತಗೆ ಅನ್ನ ಕಲಸಿ ಉಣಿಸಬೇಕಲ್ಲ ಅಂತಲೂ ನೆನಪಾಯಿತು. ಮತ್ತೆ ಒನಕೆ ಹಿಡಿದು ಉಳಿದದ್ದನ್ನು ಕುಟ್ಟಿ ಮುಗಿಸಿದೆ. ಪರಾತಕ್ಕೆ ತೆಗೆದೆ. ಮೆಂತ್ಯದ ಪುಡಿ ಹಾಕಿದೆ, ಇಂಗು ಹಾಕಿದೆ, ನಿಂಬೆಹಣ್ಣು ಹಿಂಡಿದೆ.

"ಉಪ್ಪ ನೀನ ಹಾಕವಾ," ಅಂದರು ಅತ್ತೆ.

ಇಪ್ಪತ್ತಾರು ವರ್ಷ ಕಾದ ಮಾತು. ಅದೇ ದನಿ, ಅದೇ ಹಿತ್ತಿಲು. ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದೆ. ಒರೆಸಿದೆ, ಇನ್ನೊಮ್ಮೆ ಒರೆಸಿದೆ. ಹುರಿದು ಪುಡಿ ಮಾಡಿಟ್ಟ ಉಪ್ಪಿನ ಡಬ್ಬಿಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದೆ. ಪರಾತದ ಮೇಲೆ ಹಿಡಿದೆ. ಬೆರಳು ಬಿಚ್ಚಬೇಕು, ಅಷ್ಟೇ. ಕಾಗೆಯ ಕಥೆ ಈಗಷ್ಟೇ ಈ ಕಿವಿಯಿಂದಲೇ ಕೇಳಿದ್ದೇನೆ. ಆ ಮಾತು ಹೇಳಿದವರೇ ಅದು ಸುಳ್ಳು ಅಂತ ಒಪ್ಪಿ ಎದುರಿಗೆ ಕೂತಿದ್ದಾರೆ. ಎಲ್ಲ ಗೊತ್ತು ನನಗೆ. ಆದರೂ ಕೆಟ್ಟರೆ ಅಂತ ಒಂದು ಮಾತು ಒಳಗಿನಿಂದ ಬಂತು. ಅದು ಅತ್ತೆಯ ದನಿಯಲ್ಲ, ನನ್ನದೇ ದನಿ. ಮುಷ್ಟಿ ಬಿಚ್ಚಲಿಲ್ಲ.

ಉಪ್ಪನ್ನು ಡಬ್ಬಿಗೇ ಸುರಿದೆ. ಗೋಡೆಯ ಹತ್ತಿರ ನಿಂತ ಹುಡುಗಿಯನ್ನು ಕರೆದೆ. "ಬಾ ಇಲ್ಲೆ. ಕೈ ತೊಳಕೊಂಡ ಬಾ. ಉಪ್ಪ ಹಾಕು."

"ನಾನಾ?" ಹುಡುಗಿ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಕ್ಕಾರ, ಅಜ್ಜಿ ನಿಮಗ ಹೇಳಾಕತ್ತಾರ್ರಿ."

"ನನ್ನ ಕೈಲೆ ಆಗೂದಿಲ್ಲವಾ," ಅಂದೆ.

ಅತ್ತೆ ನನ್ನ ಮುಖ ನೋಡಿದರು. ಬೀಗರ ಎದುರು ಬೂಸ್ಟು ಕಂಡಾಗ ಒಂದು ಗಳಿಗೆ ಬಿಳಿಚಿದ ಆ ಮುಖವನ್ನು ನಾನು ಆಮೇಲೆ ಎಂದೂ ಕಂಡಿರಲಿಲ್ಲ, ಅವತ್ತು ಕಂಡೆ. ಈ ಸಲ ನಕ್ಕು ದಾಟಿಸಲು ಅವರಿಗೆ ಏನೂ ಸಿಗಲಿಲ್ಲ. "ಹಾಕವಾ, ನನ್ನಾಣಿ, ನೀನ ಹಾಕು," ಅಂತ ಎರಡು ಸಲ ಅಂದರು, ಎಡಗೈ ಮುಂದೆ ಚಾಚಿದರು. ಆ ಚಾಚಿದ ಕೈ ನೋಡಿಯೂ ನಾನು ಕೂತಲ್ಲಿಂದ ಕದಲಲಿಲ್ಲ. ಬೇಕಂತ ಹಟ ಹಿಡಿದೆ ಅಂತ ಅವರು ತಿಳಿದಿರಬಹುದು. ಹಟವಾಗಿದ್ದರೆ ಎಷ್ಟೋ ಚೊಲೋ ಇತ್ತು.

ಹುಡುಗಿ ಕೈ ತೊಳೆದು ಬಂದು, ಬಿಸ್ಮಿಲ್ಲಾ ಅಂತ ಮೆಲ್ಲಗೆ ಅಂದು, ಡಬ್ಬಿಯಿಂದ ಒಂದು ಹಿಡಿ ತೆಗೆದು ಹಾಕಿದಳು. "ಸಾಕೇನ್ರಿ ಅಕ್ಕಾರ?" ಅಂದಳು.

"ಇನ್ನೊಂದ ಹಿಡಿ ಹಾಕು," ಅಂದೆ.